ಒಂದು ಪಾಲಿಪ್, ಹಲವು ಪಾಲಿಪ್: ಮಕ್ಕಳ ದೊಡ್ಡಕರುಳಿನ ಗಂಟುಗಳ ಪತ್ತೆ ಮತ್ತು ಚಿಕಿತ್ಸೆ

ಚಂಡೀಗಢದ ಪಿಜಿಐ ಸಂಸ್ಥೆಯ ಉಜ್ಜಲ್ ಪೋದ್ದಾರ್, ಬಿ.ಆರ್. ಥಾಪಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಲೇಖನವೊಂದು ದೊಡ್ಡಕರುಳಿನಲ್ಲಿ ಪಾಲಿಪ್ ಇದ್ದ 236 ಭಾರತೀಯ ಮಕ್ಕಳ ಲೆಕ್ಕ ಕೊಡುತ್ತದೆ. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಬಂದದ್ದು ಒಂದೇ ದೂರಿನೊಂದಿಗೆ: ಮಲದ ಜೊತೆ ರಕ್ತ. ನೂರಕ್ಕೆ 93 ಪಾಲಿಪ್‌ಗಳು ‘ಜುವೆನೈಲ್’ ಬಗೆಯವು, ಅಂದರೆ ಸ್ವಭಾವತಃ ಸೌಮ್ಯವಾದವು. ಸುಮಾರು ಮುಕ್ಕಾಲು ಪಾಲು ಮಕ್ಕಳಲ್ಲಿ ಇದ್ದದ್ದು ಒಂದೇ ಒಂದು. ಇದಿಷ್ಟೂ ಬೇರೆ ದೇಶಗಳ ವರದಿಗಳೊಂದಿಗೆ ಹೊಂದುತ್ತದೆ. ಓದುವಾಗ ಕಣ್ಣಿಗೆ ಚುಚ್ಚುವುದು ಇನ್ನೊಂದು ಅಂಕಿ. ಈ ಮಕ್ಕಳಿಗೆ ರಕ್ತ ಹೋಗುತ್ತಿದ್ದ ಅವಧಿ ಸರಾಸರಿ 14 ತಿಂಗಳು.

ಬೆರಳಿಗೇ ಸಿಗಬಹುದಾದ ಒಂದು ಗಂಟು ಪತ್ತೆಯಾಗಲು ವರ್ಷಕ್ಕಿಂತ ಹೆಚ್ಚು ಕಾಲ ಏಕೆ ಬೇಕಾಗುತ್ತದೆ? ಪತ್ತೆಯಾದ ಮೇಲೆ ಆ ಒಂದನ್ನು ತೆಗೆದು ಮಗುವನ್ನು ಮನೆಗೆ ಕಳಿಸಿದರೆ ಸಾಲದೆ? ಈ ಟಿಪ್ಪಣಿ ಈ ಎರಡು ಪ್ರಶ್ನೆಗಳನ್ನು ಬೆನ್ನುಹತ್ತಿದ್ದು. ನನ್ನ ವಾದ ಇಷ್ಟು: ಮಕ್ಕಳ ಪಾಲಿಪ್‌ನಲ್ಲಿ ಗಂಟಿನ ಗಾತ್ರಕ್ಕಿಂತ, ಹೋದ ರಕ್ತದ ಪ್ರಮಾಣಕ್ಕಿಂತ ಮುಖ್ಯವಾದದ್ದು ಗಂಟುಗಳ ಸಂಖ್ಯೆ. ಆ ಸಂಖ್ಯೆಯನ್ನು ನಾವು ಸರಿಯಾಗಿ ಎಣಿಸುತ್ತಿಲ್ಲ, ಎಣಿಸಿದರೂ ಬರೆದಿಡುತ್ತಿಲ್ಲ.

ಮೊದಲು ಗಂಟಿನ ಪರಿಚಯ. ಕರುಳಿನ ಒಳಪದರದಿಂದ ಹೊರಚಾಚಿ, ತೊಟ್ಟಿನ ತುದಿಯಲ್ಲಿ ಮಾಗಿದ ಕವಳಿಹಣ್ಣಿನಂತೆ ಜೋತಾಡುವ ಕೆಂಪು, ನುಣುಪು ಗಂಟು ಇದು. ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಲೋಳೆ ತುಂಬಿ ಉಬ್ಬಿದ ಗ್ರಂಥಿಗಳೂ, ಅವುಗಳ ನಡುವೆ ಉರಿಯೂತದ ಕೋಶಗಳು ಕಿಕ್ಕಿರಿದ ಸಡಿಲ ಅಂಗಾಂಶವೂ ಕಾಣುತ್ತವೆ. ಆ ಜಾಗಕ್ಕೆ ಸಹಜವಾದ ಅಂಗಾಂಶವೇ ಅಡ್ಡಾದಿಡ್ಡಿ ಬೆಳೆದದ್ದು ಇದು. ಹೊರಗಿನಿಂದ ಬಂದದ್ದೇನೂ ಇಲ್ಲ. ಮೇಲ್ಪದರ ತೆಳು, ಅಲ್ಲಲ್ಲಿ ಕಿತ್ತುಹೋಗಿರುತ್ತದೆ. ಮಲ ಉಜ್ಜಿಕೊಂಡು ಹೋದಾಗ ರಕ್ತ ಜಿನುಗುವುದು ಅಲ್ಲಿಂದ. ಕರುಳು ತನ್ನ ಪಾಡಿಗೆ ಮಲವನ್ನು ಮುಂದೆ ತಳ್ಳುವಾಗ ಈ ಗಂಟನ್ನೂ ಎಳೆಯುತ್ತದೆ. ಎಳೆತಕ್ಕೆ ತೊಟ್ಟು ಉದ್ದವಾಗುತ್ತಾ ಹೋಗಿ, ಒಮ್ಮೊಮ್ಮೆ ತಿರುಚಿಕೊಂಡು ತಾನಾಗಿಯೇ ಕಳಚಿ ಬೀಳುವುದೂ ಉಂಟು. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಇದು ಹೆಚ್ಚು, ವರ್ಷ ತುಂಬದ ಕೂಸುಗಳಲ್ಲಿ ಅಪರೂಪ. ಗಂಡುಮಕ್ಕಳಲ್ಲಿ ತುಸು ಜಾಸ್ತಿ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ನಮ್ಮ ದೇಶದ ವರದಿಗಳಲ್ಲಿ ಆ ಅಂತರ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ರೋಗ ಎಷ್ಟು ಕಾರಣ, ಹುಡುಗನನ್ನು ದೂರದ ದೊಡ್ಡಾಸ್ಪತ್ರೆಗೆ ಕರೆದೊಯ್ಯುವ ನಮ್ಮ ಉತ್ಸಾಹ ಎಷ್ಟು ಕಾರಣ ಎಂದು ಓದುಗರೇ ಊಹಿಸಬಹುದು.

ಇದನ್ನು ದೊಡ್ಡವರ ಅಡಿನೋಮಾ ಪಾಲಿಪ್‌ನಿಂದ ಬೇರ್ಪಡಿಸಿ ನೋಡುವ ರೂಢಿ ಗಟ್ಟಿಯಾದದ್ದು 1957ರಲ್ಲಿ. ಹೊರಿಲೆನೊ, ಎಕರ್ಟ್ ಮತ್ತು ರೋಗವಿಜ್ಞಾನಿ ಲಾರೆನ್ ಆಕರ್‌ಮನ್ ಮಕ್ಕಳ ಗುದನಾಳ ಮತ್ತು ದೊಡ್ಡಕರುಳಿನ ಪಾಲಿಪ್‌ಗಳನ್ನು ಪರಿಶೀಲಿಸಿ ಇವುಗಳ ರಚನೆಯೇ ಬೇರೆ ಎಂದು ತೋರಿಸಿಕೊಟ್ಟರು. ದೊಡ್ಡವರ ಅಡಿನೋಮಾ ವರ್ಷಗಳು ಉರುಳಿದಂತೆ ಕ್ಯಾನ್ಸರ್‌ಗೆ ತಿರುಗಬಲ್ಲದು. ಮಗುವಿನ ಒಂಟಿ ಜುವೆನೈಲ್ ಪಾಲಿಪ್‌ಗೆ ಆ ಚಾಳಿ ಇಲ್ಲ. ‘ಪಾಲಿಪ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಕ್ಯಾನ್ಸರ್ ಎಂದೇ ಎದೆಯೊಡೆದುಕೊಳ್ಳುವ ತಂದೆತಾಯಿಗೆ ವೈದ್ಯರು ಮೊದಲು ಹೇಳಬೇಕಾದದ್ದು ಇದನ್ನೇ.

ತಡದ ಪ್ರಶ್ನೆಗೆ ಬರೋಣ. ಪಾಲಿಪ್‌ನ ರಕ್ತಸ್ರಾವಕ್ಕೆ ಒಂದು ವಿಚಿತ್ರ ಗುಣವಿದೆ: ಬಂದು ಹೋಗುತ್ತದೆ, ಮತ್ತೆ ಬರುತ್ತದೆ. ನಾಲ್ಕು ದಿನ ಮಲದ ಮೇಲೆ ಕೆಂಪು ಗೆರೆ ಕಾಣುತ್ತದೆ, ಕೊನೆಯಲ್ಲಿ ನಾಲ್ಕು ಹನಿ ಬೀಳುತ್ತವೆ. ಆಮೇಲೆ ಮೂರು ವಾರ ಏನೂ ಇಲ್ಲ. ಮಗುವಿಗೆ ನೋವಿಲ್ಲ, ಜ್ವರವಿಲ್ಲ, ಆಟಪಾಠ ಊಟ ಎಲ್ಲವೂ ಮಾಮೂಲು. ರಕ್ತ ಕಂಡಾಗ ಏನು ಕೊಟ್ಟರೂ ಅದಕ್ಕೇ ಗುಣವಾಯಿತು ಅನ್ನಿಸುವುದು ಇದರಿಂದ. ‘ಉಷ್ಣ ಆಗಿದೆ’ ಎಂದು ಅಜ್ಜಿ ಕೊಟ್ಟ ಮೆಂತ್ಯ ನೆನೆಸಿದ ಮಜ್ಜಿಗೆಗೂ ಕೀರ್ತಿ, ಆಮಶಂಕೆ ಎಂದು ವೈದ್ಯರು ಬರೆದುಕೊಟ್ಟ ಮೆಟ್ರೊನಿಡಜೋಲ್ ಸಿರಪ್‌ಗೂ ಕೀರ್ತಿ, ಜಂತುಹುಳದ ಮಾತ್ರೆಗೂ ಕೀರ್ತಿ. ಮುಂದಿನ ತಿಂಗಳು ಮತ್ತೆ ರಕ್ತ ಕಂಡರೆ ಅದನ್ನು ಹೊಸ ಕಾಯಿಲೆ ಎಂದುಕೊಂಡು ಇನ್ನೊಂದು ಕೋರ್ಸ್. ಹದಿನಾಲ್ಕು ತಿಂಗಳು ಕಳೆಯುವುದು ಹೀಗೆ. ಯಾರೊಬ್ಬರ ದೊಡ್ಡ ಅಲಕ್ಷ್ಯವೂ ಇದಕ್ಕೆ ಬೇಕಿಲ್ಲ.

ಎರಡನೆಯ ತಪ್ಪುದಾರಿ ಮೂಲವ್ಯಾಧಿ. ಯಕೃತ್ತಿನ ರಕ್ತನಾಳದ ಒತ್ತಡ ಏರಿದಂಥ ವಿಶೇಷ ಸಂದರ್ಭಗಳನ್ನು ಬಿಟ್ಟರೆ ಮಕ್ಕಳಿಗೆ ಮೂಲವ್ಯಾಧಿ ಬರುವುದು ತೀರಾ ವಿರಳ. ಆದರೂ ಮಲವಿಸರ್ಜನೆಯ ಹೊತ್ತಿಗೆ ಕೆಂಪು ಗಂಟೊಂದು ಹೊರಗೆ ಇಣುಕಿ ಮತ್ತೆ ಒಳಗೆ ಸರಿದರೆ ಅದನ್ನು ಮೂಲವ್ಯಾಧಿಯೆಂದೋ, ಗುದನಾಳವೇ ಜಾರಿದೆಯೆಂದೋ ತೀರ್ಮಾನಿಸಿಬಿಡುತ್ತಾರೆ. ನೋಡಿದರೆ ತಿಳಿಯುವ ವ್ಯತ್ಯಾಸ ಇಲ್ಲಿದೆ. ಗುದನಾಳ ಜಾರಿದ್ದರೆ ಹೊರಬಂದ ಭಾಗ ಬಳೆಯಾಕಾರವಾಗಿದ್ದು ನಡುವೆ ರಂಧ್ರವಿರುತ್ತದೆ. ಪಾಲಿಪ್‌ನಲ್ಲಿ ರಂಧ್ರವಿರುವುದಿಲ್ಲ, ಗಂಟು ಒಂದು ಪಕ್ಕದ ತೊಟ್ಟಿಗೆ ಅಂಟಿರುತ್ತದೆ. ಈಗ ತಾಯಿಯ ಕೈಯಲ್ಲಿ ಮೊಬೈಲ್ ಇರುತ್ತದೆ. ಗಂಟು ಹೊರಬಂದಾಗ ತೆಗೆದ ಒಂದು ಚಿತ್ರ ಎಷ್ಟೋ ಪರೀಕ್ಷೆಗಳಿಗೆ ಸಮ.

ಗುದದ ಬಿರುಕನ್ನು ಬೇರ್ಪಡಿಸುವುದು ಕಷ್ಟವಲ್ಲ. ಅಲ್ಲಿ ಮಲ ಗಟ್ಟಿ, ನೋವು ತೀವ್ರ, ಮಗು ಕೂರಲು ಹೆದರುತ್ತದೆ. ಭೇದಿಯಾದರೆ ಜ್ವರ, ಹೊಟ್ಟೆ ನುಲಿತ, ಮೇಲಿಂದ ಮೇಲೆ ಹೋಗುವುದು ಇರುತ್ತದೆ, ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಒಮ್ಮೆಲೇ ಬಹಳಷ್ಟು ಗಾಢ ಕೆಂಪು ರಕ್ತ ಹೋಗಿ ಮಗು ಬಿಳಿಚಿಕೊಂಡರೆ ಮೆಕೆಲ್ ಡೈವರ್ಟಿಕ್ಯುಲಮ್ ನೆನಪಾಗಬೇಕು. ಅದು ಸಣ್ಣಕರುಳಿನಲ್ಲಿ ಹುಟ್ಟಿನಿಂದಲೇ ಉಳಿದುಕೊಂಡ ಒಂದು ಚೀಲ. ಅದರ ಪತ್ತೆಗೆ ಟೆಕ್ನೀಷಿಯಂ ಸ್ಕ್ಯಾನ್ ಇದೆ. ಮಗು ಸೊರಗುತ್ತಿದ್ದರೆ, ಬೆಳವಣಿಗೆ ನಿಂತಿದ್ದರೆ, ಕರುಳಿನ ದೀರ್ಘಕಾಲದ ಉರಿಯೂತವನ್ನು ಶಂಕಿಸಬೇಕು. ಈ ಶಂಕೆಗೆ ಇಂದು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸುತ್ತಾರೆ. ಅದರಲ್ಲೊಂದು ತೊಡಕಿದೆ. ಜುವೆನೈಲ್ ಪಾಲಿಪ್‌ನೊಳಗೂ ಉರಿಯೂತದ ಕೋಶಗಳು ತುಂಬಿರುವುದರಿಂದ ಒಂದೇ ಪಾಲಿಪ್ ಇದ್ದರೂ ಕ್ಯಾಲ್‌ಪ್ರೊಟೆಕ್ಟಿನ್ ಏರಿರುತ್ತದೆ, ಗಂಟು ತೆಗೆದ ಮೇಲೆ ಇಳಿಯುತ್ತದೆ. ಚೆನ್ನಾಗಿ ಆಡಿಕೊಂಡಿರುವ ನಾಲ್ಕು ವರ್ಷದ ಮಗುವಿನ ವರದಿಯಲ್ಲಿ ಈ ಅಂಕಿ ಏರಿದ್ದನ್ನಷ್ಟೇ ನೋಡಿ ದೊಡ್ಡ ಕಾಯಿಲೆಯ ಹೆಸರು ಹೇಳಬಾರದು.

ಪರೀಕ್ಷೆಗಳಲ್ಲೆಲ್ಲ ಅಗ್ಗವಾದದ್ದು ಬೆರಳಿನ ಪರೀಕ್ಷೆ. ಕೈಗವಸು, ಜಾರುವ ಜೆಲ್ಲಿ, ಒಂದು ನಿಮಿಷ ಇದ್ದರೆ ಸಾಕು. ಗುದನಾಳದ ಕೆಳಭಾಗದ ಪಾಲಿಪ್ ಬೆರಳಿಗೆ ಮೆತ್ತಗೆ ತಗಲಿ ಜಾರಿಕೊಳ್ಳುತ್ತದೆ. ಮಗು ಅಳುತ್ತದೆ, ತಾಯಿ ಮುಜುಗರಪಡುತ್ತಾಳೆ, ಹೊರಗೆ ಸಾಲು ಕಾದಿರುತ್ತದೆ, ಪರೀಕ್ಷೆ ಮುಂದಿನ ಸಲಕ್ಕೆ ಹೋಗುತ್ತದೆ. ಅದೇ ಕುರ್ಚಿಯಲ್ಲಿ ಕೂರಿಸಿಕೊಂಡು ಇನ್ನೂ ಕೆಲವನ್ನು ನೋಡಬಹುದು: ತುಟಿ ಮತ್ತು ಬಾಯೊಳಗೆ ಕಪ್ಪು ಚುಕ್ಕೆಗಳಿವೆಯೇ, ತಲೆಯ ಸುತ್ತಳತೆ ವಯಸ್ಸಿಗೆ ಮೀರಿದೆಯೇ, ಬೆರಳ ತುದಿಗಳು ಉಬ್ಬಿವೆಯೇ, ಕಣ್ಣಿನ ಕೆಳರೆಪ್ಪೆ ಬಿಳಿಚಿದೆಯೇ. ಕೊನೆಯದನ್ನು ನಮ್ಮಲ್ಲಿ ಗಮನಿಸದೆ ಬಿಡುವುದೇ ಹೆಚ್ಚು; ಕಬ್ಬಿಣಾಂಶದ ಕೊರತೆ ಎಷ್ಟೋ ಮಕ್ಕಳಿಗೆ ಇದ್ದೇ ಇರುವಾಗ ರಕ್ತ ಸೋರಿ ಆದ ಕೊರತೆ ಅದರ ಮರೆಯಲ್ಲಿ ಅಡಗುತ್ತದೆ. ಹೊಟ್ಟೆಯ ಅಲ್ಟ್ರಾಸೌಂಡ್ ಕೂಡ ಪಳಗಿದ ಕೈಯಲ್ಲಿ ಉಪಯುಕ್ತ. ಒಳಗೆ ಸಣ್ಣ ಸಣ್ಣ ನೀರುಗುಳ್ಳೆಗಳಿರುವ ಗಂಟೂ, ಡಾಪ್ಲರ್‌ನಲ್ಲಿ ತೊಟ್ಟಿನ ರಕ್ತನಾಳವೂ ಕಾಣುತ್ತವೆ. ಕಾಣದಿದ್ದರೆ ಪಾಲಿಪ್ ಇಲ್ಲವೆಂದಲ್ಲ. ಬೇರಿಯಂ ಎನಿಮಾದ ಕಾಲ ಮುಗಿದಿದೆ, ಅದನ್ನು ಕುರಿತು ಹೇಳಲೇನೂ ಇಲ್ಲ.

ಪಾಲಿಪ್ ಎಲ್ಲಿರುತ್ತದೆ ಎಂಬುದಕ್ಕೆ ಪಠ್ಯಪುಸ್ತಕಗಳು ಕೊಡುವ ಉತ್ತರ ಗುದನಾಳ ಮತ್ತು ಅದಕ್ಕೆ ಹೊಂದಿಕೊಂಡ ದೊಡ್ಡಕರುಳಿನ ಸಿಗ್ಮಾಯ್ಡ್ ಭಾಗ. ಚಂಡೀಗಢದ ವರದಿಯಲ್ಲಿ ಆ ಭಾಗದ ಪಾಲು ನೂರಕ್ಕೆ 85. ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಎಲ್ಲಿ ಸಿಕ್ಕಿತು ಎಂಬುದು ಎಲ್ಲಿಯವರೆಗೆ ಹುಡುಕಿದರು ಎಂಬುದನ್ನೂ ಅವಲಂಬಿಸಿರುತ್ತದೆ. ಸಿಗ್ಮಾಯ್ಡೊಸ್ಕೋಪ್ ಮಾತ್ರ ಇದ್ದ ಕಾಲದ ವರದಿಗಳಲ್ಲಿ ಪಾಲಿಪ್‌ಗಳು ಬಹುತೇಕ ಆ ಕೊಳವೆ ತಲುಪುವಷ್ಟು ದೂರದಲ್ಲೇ ಇರುತ್ತಿದ್ದವು! ದೊಡ್ಡಕರುಳಿನ ಮೊದಲ ಭಾಗವಾದ ಸೀಕಂವರೆಗೆ ಪೂರ್ತಿ ಕೊಲೊನೋಸ್ಕೊಪಿ ಮಾಡಿದ ಸರಣಿಗಳಲ್ಲಿ ಸಿಗ್ಮಾಯ್ಡ್‌ನಾಚೆಗೆ ಪಾಲಿಪ್ ಇದ್ದ ಮಕ್ಕಳ ಪಾಲು ಮೂರರಲ್ಲೊಂದರವರೆಗೂ ಏರಿದೆ, ಒಂದಕ್ಕಿಂತ ಹೆಚ್ಚು ಪಾಲಿಪ್ ಇದ್ದ ಮಕ್ಕಳ ಪಾಲೂ ಹಾಗೆಯೇ. ಕೆಳಗಿನ ಒಂದು ಗಂಟು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದರೆ ಮೇಲಿನದು ಉಳಿಯುತ್ತದೆ. ಇದು ತಿಂಗಳುಗಳ ನಂತರ ಮತ್ತೆ ರಕ್ತ ಬರುವುದಕ್ಕೆ ಒಂದು ಕಾರಣ. ಅದನ್ನೇ ‘ಮರುಕಳಿಸಿತು’ ಎಂದು ಬರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಮೊದಲ ಪರೀಕ್ಷೆಯೇ ಪೂರ್ತಿ ಕೊಲೊನೋಸ್ಕೊಪಿ ಆಗಬೇಕು. ಗಂಟು ಬೆರಳಿಗೆ ಸಿಕ್ಕಿದ್ದರೂ ಅಷ್ಟೇ. ಮಗುವಿಗೆ ಅರಿವಳಿಕೆ ಕೊಡುವುದು ಹೇಗೂ ತಪ್ಪದ ಮಾತು, ಅದನ್ನು ಎರಡು ಸಲ ಕೊಡುವ ಅಗತ್ಯವಿಲ್ಲ.

ಕೊಲೊನೋಸ್ಕೋಪ್ ಬರುವ ಮುಂಚೆ ಹೊರಬಂದ ಪಾಲಿಪ್‌ನ ತೊಟ್ಟಿಗೆ ದಾರ ಬಿಗಿದು ಕತ್ತರಿಸುತ್ತಿದ್ದರು. ಮೇಲಿದ್ದರೆ ಹೊಟ್ಟೆ ತೆರೆದು ಕರುಳು ಕೊಯ್ಯಬೇಕಿತ್ತು, ಇಲ್ಲವೆ ತಾನಾಗಿ ಕಳಚಿ ಬೀಳಲೆಂದು ಕಾಯಬೇಕಿತ್ತು. ಒಂದು ಸೌಮ್ಯ ಗಂಟಿಗಾಗಿ ಮಗುವಿನ ಹೊಟ್ಟೆ ತೆರೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ, ಆದ್ದರಿಂದ ಕಾಯುವುದಕ್ಕೊಂದು ಅರ್ಥವಿತ್ತು. 1969ರಲ್ಲಿ ನ್ಯೂಯಾರ್ಕ್‌ನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಕೊಲೊನೋಸ್ಕೋಪ್‌ನೊಳಗಿನಿಂದ ತಂತಿಯ ಕುಣಿಕೆ ತೂರಿಸಿ, ವಿದ್ಯುತ್ತಿನ ಶಾಖದಿಂದ ಪಾಲಿಪ್ ಕತ್ತರಿಸಿದರು. 1973ರಲ್ಲಿ ಅದರ ವರದಿ ಪ್ರಕಟವಾಯಿತು. ಆಮೇಲೆ ಮಕ್ಕಳಿಗೆ ಹೊಂದುವ ತೆಳ್ಳನೆಯ ಉಪಕರಣಗಳು ಬಂದವು. ಕಾಯುವ ವಾದ ಸಡಿಲವಾಯಿತು. ಗಂಟು ಕಕ್ಕಸಿನಲ್ಲಿ ಕಳಚಿ ಬಿದ್ದರೆ ಅದು ಯಾವ ಬಗೆಯದೆಂದು ತಿಳಿಯುವುದಿಲ್ಲ, ಇನ್ನೆಷ್ಟು ಇವೆ ಎಂದೂ ತಿಳಿಯುವುದಿಲ್ಲ, ಬೀಳುವಾಗ ರಕ್ತ ಜೋರಾಗಿ ಹರಿಯಲೂಬಹುದು.

ಚಿಕಿತ್ಸೆಯ ಕಷ್ಟದ ಭಾಗ ಕುಣಿಕೆಯಲ್ಲಿಲ್ಲ, ಹಿಂದಿನ ದಿನದಲ್ಲಿದೆ. ಕರುಳು ಪೂರ್ತಿ ಖಾಲಿಯಾಗಬೇಕು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ನೀರಿಗೆ ಬೆರೆಸಿ ಗಂಟೆಗಟ್ಟಲೆ ಕುಡಿಸಬೇಕು. ರುಚಿಯಿಲ್ಲದ ಆ ದ್ರಾವಣವನ್ನು ಅಷ್ಟು ಪ್ರಮಾಣದಲ್ಲಿ ನಾಲ್ಕು ವರ್ಷದ ಮಗು ಒಲ್ಲೆನೆಂದರೆ ಮೂಗಿನಿಂದ ನಳಿಕೆ ಇಳಿಸಬೇಕಾಗುತ್ತದೆ. ಜೊತೆಗೆ ಎಳನೀರು, ಸಕ್ಕರೆ ನೀರು, ಸೋಸಿದ ತಿಳಿಸಾರು ಕೊಡಬಹುದು. ಹಾಲು ಬೇಡ, ಕೆಂಪು ಬಣ್ಣದ ಪಾನೀಯವಂತೂ ಬೇಡವೇ ಬೇಡ, ಒಳಗೆ ನೋಡುವಾಗ ಅದೇ ರಕ್ತದಂತೆ ಕಂಡೀತು. ಸೋಡಿಯಂ ಫಾಸ್ಫೇಟ್ ತಯಾರಿಕೆಗಳು ಎಳೆಯ ಮಕ್ಕಳ ರಕ್ತದ ಲವಣಗಳನ್ನು ಅಪಾಯಕರವಾಗಿ ಏರುಪೇರು ಮಾಡಬಲ್ಲವು. ಮ್ಯಾನಿಟಾಲ್‌ನ ಕಥೆ ಇನ್ನೂ ಭೀಕರ. ಅದನ್ನು ಕುಡಿಸಿ ಕರುಳು ಶುಚಿಮಾಡಿದ್ದ ರೋಗಿಯೊಬ್ಬರಿಗೆ ಪಾಲಿಪ್ ಕತ್ತರಿಸುತ್ತಿದ್ದಾಗ ದೊಡ್ಡಕರುಳಿನೊಳಗೆ ಸ್ಫೋಟವಾಗಿ ಅವರು ಮೃತಪಟ್ಟದ್ದನ್ನು ಬಿಗಾರ್ ಮತ್ತು ಸಂಗಡಿಗರು 1979ರಲ್ಲಿ ವರದಿ ಮಾಡಿದರು. ಮ್ಯಾನಿಟಾಲ್ ಒಂದು ಸಕ್ಕರೆ ಮದ್ಯಸಾರ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್ ಹುಟ್ಟಿಸುತ್ತವೆ, ಕುಣಿಕೆಯ ವಿದ್ಯುತ್ ಕಿಡಿ ಅದಕ್ಕೆ ತಗಲಿದರೆ ಸಾಕು. ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ತುಂಬುವ ಪದ್ಧತಿಗೆ ಇಂಥ ಅಪಾಯವನ್ನು ತಗ್ಗಿಸುವ ಗುಣವಿದೆ; ಅದನ್ನು ಕರುಳು ಬೇಗ ಹೀರಿಕೊಳ್ಳುವುದರಿಂದ ಆಮೇಲೆ ಮಗುವಿನ ಹೊಟ್ಟೆಯುಬ್ಬರವೂ ಕಡಿಮೆ.

ಕುಣಿಕೆಯನ್ನು ಎಲ್ಲಿ ಬಿಗಿಯಬೇಕು ಎಂಬುದರಲ್ಲಿ ಕೈಗುಣ ಕಾಣುತ್ತದೆ. ಮಗುವಿನ ಕರುಳಗೋಡೆ ತೆಳು. ಗೋಡೆಗೆ ಒತ್ತಿ ಬಿಗಿದರೆ ಶಾಖ ಆಚೆಗೂ ದಾಟಿ ತೂತಾದೀತು. ಅದಕ್ಕಾಗಿ ತೊಟ್ಟಿನ ನಡುವೆ ಬಿಗಿದು, ಗಂಟನ್ನು ಗೋಡೆಯಿಂದ ಕರುಳಿನ ನಡುಭಾಗಕ್ಕೆ ಎಳೆದು ಹಿಡಿದು, ಎದುರು ಗೋಡೆಗೆ ಅದು ತಗಲದಂತೆ ನೋಡಿಕೊಂಡು ಕತ್ತರಿಸುತ್ತಾರೆ. ತೊಟ್ಟಿನ ಮೋಟು ಸ್ವಲ್ಪ ಉಳಿಸಿದ್ದರೆ, ರಕ್ತ ಚಿಮ್ಮಿದಾಗ ಅದನ್ನೇ ಮತ್ತೆ ಕುಣಿಕೆಯಲ್ಲಿ ಹಿಡಿದು ಅದುಮಬಹುದು. ತೊಟ್ಟು ದಪ್ಪವಿದ್ದರೆ ಮೊದಲೇ ಬುಡಕ್ಕೆ ತೆಳುಮಾಡಿದ ಅಡ್ರಿನಲಿನ್ ಚುಚ್ಚುವುದು, ಕ್ಲಿಪ್ ಹಾಕುವುದು, ಕಳಚಬಲ್ಲ ನೈಲಾನ್ ಕುಣಿಕೆ ಬಿಗಿಯುವುದು ರೂಢಿ. ಪಳಗಿದವರ ಕೈಯಲ್ಲಿ ಕರುಳು ತೂತಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಬಹುಪಾಲು ಮಕ್ಕಳು ಅದೇ ದಿನ ಅಥವಾ ಮಾರನೆಯ ದಿನ ಮನೆಗೆ ಹೋಗುತ್ತಾರೆ. ಒಣಗಿದ ಹಕ್ಕಳೆ ಉದುರುವಾಗ, ಎರಡು ವಾರದವರೆಗೂ, ರಕ್ತ ಕಾಣಿಸಬಹುದೆಂದು ಮನೆಯವರಿಗೆ ಹೇಳಿಡಬೇಕು. ಹೊಟ್ಟೆನೋವು, ಜ್ವರ ಬಂದರೆ ಕಾಯದೆ ಬರಬೇಕೆಂದೂ. ಕತ್ತರಿಸಿದ ಗಂಟನ್ನು ಹೊರತೆಗೆದು ಬಯಾಪ್ಸಿಗೆ ಕಳಿಸುವುದು ಚಿಕಿತ್ಸೆಯ ಅರ್ಧ ಭಾಗ. ಬಲಗಡೆಯ ಕರುಳಿನಲ್ಲಿ ಕತ್ತರಿಸಿದ್ದು ಮಲದಲ್ಲಿ ಕೊಚ್ಚಿಹೋದರೆ ಗುರುತು ಸಿಗದೆ ಹೋಗುತ್ತದೆ. ಹಲವಿದ್ದರೆ ಯಾವುದು ಎಲ್ಲಿಯದು ಎಂದು ಬೇರೆಬೇರೆ ಡಬ್ಬಿಗಳಲ್ಲಿ ಇಡಬೇಕು.

ಇನ್ನು ಎಣಿಕೆಯ ವಿಷಯ. ಲಂಡನ್‌ನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮೆಕಾಲ್, ಬಸ್ಸಿ, ವೀಲ್ ಮತ್ತು ಮಾರ್ಸನ್ 1964ರಲ್ಲಿ ‘ಜುವೆನೈಲ್ ಪಾಲಿಪೋಸಿಸ್’ ಎಂಬ ಬೇರೊಂದು ಕಾಯಿಲೆಯನ್ನು ವಿವರಿಸಿದರು. ಗಂಟುಗಳ ಬಗೆ ಅದೇ, ಸಂಖ್ಯೆ ಮಾತ್ರ ಹಲವು. ಅದೇ ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿ ಜೆರೆಮಿ ಜಾಸ್ ಮತ್ತು ಸಂಗಡಿಗರು 1988ರಲ್ಲಿ ಮೂರು ಲಕ್ಷಣ ಗೊತ್ತುಮಾಡಿದರು: ದೊಡ್ಡಕರುಳು ಮತ್ತು ಗುದನಾಳದಲ್ಲಿ ಐದಕ್ಕಿಂತ ಹೆಚ್ಚು ಜುವೆನೈಲ್ ಪಾಲಿಪ್, ಅಥವಾ ಜೀರ್ಣನಾಳದುದ್ದಕ್ಕೂ ಅಂಥವು, ಅಥವಾ ಮನೆತನದಲ್ಲಿ ಈ ಕಾಯಿಲೆ ಇದ್ದು ಮಗುವಿನಲ್ಲಿ ಎಷ್ಟೇ ಸಂಖ್ಯೆಯ ಪಾಲಿಪ್. ಮೂರರಲ್ಲಿ ಯಾವುದೊಂದು ಇದ್ದರೂ ಕಾಯಿಲೆ ಇದೆ ಎಂದು ಲೆಕ್ಕ. ಒಂಟಿ ಪಾಲಿಪ್‌ಗೂ ಇದಕ್ಕೂ ಅಜಗಜಾಂತರ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ದಾಖಲೆಗಳಿಂದ 2007ರಲ್ಲಿ ಬಂದ ಲೆಕ್ಕದ ಪ್ರಕಾರ ಪಾಲಿಪೋಸಿಸ್ ಇದ್ದವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ 34 ಪಟ್ಟು, ಜೀವಮಾನದಲ್ಲಿ ನೂರಕ್ಕೆ ಸುಮಾರು 39. ಒಂಟಿ ಪಾಲಿಪ್ ಇದ್ದ 82 ಮಂದಿಯನ್ನು ಸೇಂಟ್ ಮಾರ್ಕ್ಸ್‌ನವರೇ ಅನುಸರಿಸಿ ನೋಡಿ, ಅವರಿಗೆ ಮುಂದೆ ಕ್ಯಾನ್ಸರ್‌ನ ಹೆಚ್ಚುವರಿ ಭಯವಿಲ್ಲವೆಂದು 1993ರಲ್ಲಿ ಬರೆದರು. ಒಂದೇ ಇದ್ದು, ಬಯಾಪ್ಸಿ ಸರಿಯಿದ್ದು, ಮನೆತನದಲ್ಲಿ ಏನೂ ಇಲ್ಲದಿದ್ದರೆ ಪದೇಪದೇ ಕೊಲೊನೋಸ್ಕೊಪಿ ಬೇಡ.

ಪಾಲಿಪೋಸಿಸ್‌ನ ಸುಮಾರು ಅರ್ಧದಷ್ಟು ಕುಟುಂಬಗಳಲ್ಲಿ ಸ್ಮಾಡ್4 ಅಥವಾ ಬಿಎಂಪಿಆರ್1ಎ ಜೀನ್‌ನಲ್ಲಿ ದೋಷ ಸಿಗುತ್ತದೆ. ಮೊದಲನೆಯದು ತಿಳಿದದ್ದು 1998ರಲ್ಲಿ, ಎರಡನೆಯದು 2001ರಲ್ಲಿ. ಸ್ಮಾಡ್4 ದೋಷವಿದ್ದವರಲ್ಲಿ ರಕ್ತನಾಳಗಳು ಅಸಹಜವಾಗಿ ಹಿಗ್ಗುವ ಇನ್ನೊಂದು ಆನುವಂಶಿಕ ಕಾಯಿಲೆಯೂ ಜೊತೆಗೂಡಬಹುದೆಂದು 2004ರಲ್ಲಿ ಗೊತ್ತಾಯಿತು. ಹಾಗಾಗಿ ಹಲವು ಪಾಲಿಪ್ ಇರುವ ಮಗುವಿನ ತಂದೆತಾಯಿಯನ್ನು ಕರುಳಿಗೆ ಸಂಬಂಧವೇ ಇಲ್ಲದಂತೆ ತೋರುವ ಒಂದು ಪ್ರಶ್ನೆ ಕೇಳಬೇಕು: ಮಗುವಿಗೆ, ನಿಮಗೆ, ಅಜ್ಜ ಅಜ್ಜಿಗೆ ಪದೇಪದೇ ಮೂಗಿನಲ್ಲಿ ರಕ್ತ ಬರುತ್ತದೆಯೇ? ಹೌದೆಂದರೆ ಶ್ವಾಸಕೋಶದ ರಕ್ತನಾಳಗಳನ್ನೂ ಪರೀಕ್ಷಿಸಬೇಕು. ತುಟಿಯ ಕಪ್ಪು ಚುಕ್ಕೆಗಳು ಪ್ಯೂಟ್ಸ್-ಜೆಗರ್ಸ್ ಎಂಬ ಬೇರೊಂದು ಆನುವಂಶಿಕ ಪಾಲಿಪ್ ಕಾಯಿಲೆಯ ಗುರುತು. ಅಲ್ಲಿ ಗಂಟುಗಳು ಮುಖ್ಯವಾಗಿ ಸಣ್ಣಕರುಳಿನಲ್ಲಿದ್ದು, ಕರುಳೊಳಗೆ ಕರುಳು ತೂರಿಕೊಳ್ಳುವ ಅಪಾಯವಿರುವುದರಿಂದ, ಎಂಟು ವರ್ಷಕ್ಕೆ ಮೀರದಂತೆ ತಪಾಸಣೆ ಶುರುಮಾಡಬೇಕೆಂದು ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2019ರಲ್ಲಿ ಸಲಹೆ ಕೊಟ್ಟಿದೆ. ಎಪಿಸಿ ಜೀನ್‌ನ ದೋಷದಿಂದ ಬರುವ ಕೌಟುಂಬಿಕ ಅಡಿನೋಮಾ ಪಾಲಿಪೋಸಿಸ್‌ನ ಮಾತೇ ಬೇರೆ, ಅದಕ್ಕೊಂದು ಪ್ರತ್ಯೇಕ ಟಿಪ್ಪಣಿ ಬೇಕು.

ಬಗೆಹರಿಯದೆ ಉಳಿಯುವವರು ನಡುವಿನ ಮಕ್ಕಳು, ಮೂರೋ ನಾಲ್ಕೋ ಪಾಲಿಪ್ ಇರುವವರು. ಐದರ ಗೆರೆ ಪ್ರಕೃತಿ ಎಳೆದದ್ದಲ್ಲ. ಜಾಸ್‌ಗೆ ಮುಂಚೆ ಹತ್ತು ಬೇಕು ಎಂದವರಿದ್ದರು, ಆಮೇಲೆ ಮೂರೇ ಸಾಕು ಎಂದವರೂ ಬಂದರು. ಇವತ್ತಿಗೂ ಒಂದು ಮಾರ್ಗದರ್ಶಿ ‘ಐದಕ್ಕಿಂತ ಹೆಚ್ಚು’ ಎಂದರೆ ಇನ್ನೊಂದು ‘ಐದು ಅಥವಾ ಹೆಚ್ಚು’ ಎನ್ನುತ್ತದೆ. ಮೇಲಾಗಿ ಈ ಎಣಿಕೆ ಒಂದು ದಿನದ್ದಲ್ಲ, ಬೇರೆಬೇರೆ ಸಲ ಕಂಡದ್ದನ್ನೆಲ್ಲ ಕೂಡಿಸುವಂಥದ್ದು. ನಾಲ್ಕನೆಯ ವಯಸ್ಸಿನಲ್ಲಿ ಮೂರು, ಹನ್ನೊಂದರಲ್ಲಿ ಇನ್ನೆರಡು ಸಿಕ್ಕರೆ ಆ ಮಗು ಗೆರೆ ಮುಟ್ಟಿದಂತೆ. ಈ ನಡುವಿನವರಿಗೆ ಬಯಾಪ್ಸಿ ಮತ್ತು ಮನೆತನದ ವಿಚಾರಣೆ ಆದ ಮೇಲೆ, ರಕ್ತ ಮತ್ತೆ ಕಾಣಿಸದಿದ್ದರೂ ಕೆಲವು ವರ್ಷ ಬಿಟ್ಟು ಇನ್ನೊಮ್ಮೆ ಕೊಲೊನೋಸ್ಕೊಪಿ ಮಾಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಜೀನ್ ಪರೀಕ್ಷೆಯ ಖರ್ಚನ್ನು ಎಲ್ಲರ ಮೇಲೂ ಹೇರುವುದು ಸರಿಯಲ್ಲ. ಗಂಟುಗಳು ಬಲಗಡೆಗೂ ಹರಡಿದ್ದರೆ, ಬಯಾಪ್ಸಿಯಲ್ಲಿ ಕೋಶಗಳ ಬದಲಾವಣೆ ಕಂಡರೆ, ಮೂಗಿನ ರಕ್ತದ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಮಾಡಿಸಬೇಕು.

ಕೂಡಿಸಬೇಕಾದರೆ ಹಿಂದಿನ ಲೆಕ್ಕ ಕೈಯಲ್ಲಿರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ‘ಪಾಲಿಪ್ ತೆಗೆಯಲಾಗಿದೆ’ ಎಂಬ ಒಂದು ಸಾಲು ಸಾಲದು. ಎಷ್ಟಿದ್ದವು, ಯಾವ ಯಾವ ಭಾಗದಲ್ಲಿ, ಎಷ್ಟನ್ನು ತೆಗೆದರು, ಎಷ್ಟು ಬಯಾಪ್ಸಿಗೆ ಹೋದವು, ಸೀಕಂವರೆಗೆ ತಲುಪಿದರೇ, ಕರುಳು ಎಷ್ಟು ಶುಚಿಯಾಗಿತ್ತು, ಮನೆತನದ ವಿಚಾರಣೆಯಲ್ಲಿ ಏನು ತಿಳಿಯಿತು ಎಂಬುದಿಷ್ಟನ್ನೂ ಅದರಲ್ಲಿ ಬರೆಯಬೇಕು. ಬಯಾಪ್ಸಿ ವರದಿ ಬರುವುದು ಮಗು ಮನೆಗೆ ಹೋದ ಮೇಲಾದ್ದರಿಂದ ಅದನ್ನು ಕೈಗೆ ಕೊಟ್ಟು, ಚೀಟಿಯ ಜೊತೆಗೇ ಇಟ್ಟುಕೊಳ್ಳಲು ಹೇಳಬೇಕು. ಬೇರೆ ಊರಿನ, ಬೇರೆ ಆಸ್ಪತ್ರೆಯ ವೈದ್ಯರು ಏಳೆಂಟು ವರ್ಷದ ಬಳಿಕ ಎಣಿಕೆ ಮುಂದುವರಿಸುವುದು ಆ ಎರಡು ಹಾಳೆಗಳಿಂದಲೇ.